ಮಗುವನ್ನೂ ಸಂತೆಗೆ ಕರೆದುಕೊಂಡು ಹೋಗೋಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಸಂತೆ ದಿನ ತಾಯಿ ಹೊರಟರೆ, ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗು ಮನೆಯಲ್ಲೇ ಉಳಿಯುತ್ತದೆ. ಅಜ್ಜಿಯ ಹತ್ತಿರ ಬಿಡುತ್ತಾರೆ, ಇಲ್ಲವೇ ಹೊರಗಿನಿಂದ ಚಿಲಕ ಹಾಕುತ್ತಾರೆ. "ಜನ ನಗ್ತಾರೆ, ಇವನು ಅಲ್ಲೇ ಹೊರಳಾಡಿ ಅಳ್ತಾನೆ" ಎಂಬುದು ತಾಯಂದಿರಿಂದ ನಾವು ಕೇಳುವ ಮಾತು. ಸುಳ್ಳೇನೂ ಅಲ್ಲ. ಆದರೆ ಅಂಗಡಿಯನ್ನೇ ನೋಡದೆ ಬೆಳೆದ ಮಗು ಇಪ್ಪತ್ತನೇ ವರ್ಷದಲ್ಲೂ ಒಂದು ಸೋಪಿಗೆ ಬೇರೆಯವರ ಕೈ ಕಾಯಬೇಕು. ತಾಯಿ ಇಲ್ಲದ ಕಾಲಕ್ಕೆ ಆ ಕೈ ಯಾರದು?

ಸಂತೆಯಲ್ಲಿ ಮಗು ಕಿರುಚುವುದೆಲ್ಲ ಹಟವಲ್ಲ. ಕೇಳಿದ್ದು ಸಿಕ್ಕ ಕೂಡಲೇ ಅಳು ನಿಂತರೆ ಅದು ಹಟ, ಅದಕ್ಕೆ ಬಗ್ಗಬಾರದು. ಸಿಕ್ಕರೂ ನಿಲ್ಲದೆ, ಕಿವಿ ಮುಚ್ಚಿಕೊಂಡು ಓಡಲು ನೋಡಿದರೆ, ಮೈಕಿನ ಕೂಗು, ಮೀನಿನ ವಾಸನೆ, ನೂಕುನುಗ್ಗಲು ಅದಕ್ಕೆ ತಡೆಯಲಾಗುತ್ತಿಲ್ಲ ಎಂದರ್ಥ. ಹೊಡೆದರೆ ಇನ್ನೂ ಹೆಚ್ಚಾಗುತ್ತದೆ. ಬುದ್ಧಿ ಹೇಳುವ ಹೊತ್ತೂ ಅದಲ್ಲ. ಮಾತು ಕಡಿಮೆ ಮಾಡಿ, ಗಲಾಟೆಯಿಲ್ಲದ ಮರದ ನೆರಳಿಗೆ ಕರೆದೊಯ್ಯಬೇಕು. ಚೀಲ ಅಂಗಡಿಯಲ್ಲೇ ಇರಲಿ, ಆಮೇಲೆ ತಂದರಾಯಿತು.

ಆದ್ದರಿಂದ ಮೊದಲು ಸಂತೆ ಬೇಡ. ಊರಿನ ಕಿರಾಣಿ ಅಂಗಡಿಯಿಂದ ಶುರು ಮಾಡೋಣ, ಅದೂ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಮಗುವಿನ ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ. ತರುವುದು ಒಂದೇ ಸಾಮಾನು. ಮಾತು ಬಾರದ ಮಗುವಾದರೆ ಖಾಲಿ ಸೋಪಿನ ಕವರನ್ನು ಕೈಗೆ ಕೊಡಿ, ಅದನ್ನು ತೋರಿಸಿ ಕೇಳುವುದನ್ನು ಕಲಿಯಲಿ. ಹತ್ತು ರೂಪಾಯಿ ಮಗುವೇ ಕೊಡಲಿ, ಸಾಮಾನನ್ನು ಮಗುವೇ ಹಿಡಿದು ತರಲಿ. ಐದು ನಿಮಿಷದಲ್ಲಿ ವಾಪಸ್. ಮಗು ಖುಷಿಯಾಗಿರುವಾಗಲೇ ಮುಗಿಸಬೇಕು, ಇದು ಬಹಳ ಮುಖ್ಯ.

ಇದು ರೂಢಿಯಾದ ಮೇಲೆ ಸಂತೆ. ಜನ ಸೇರುವ ಮುಂಚೆಯೇ ಹೋಗಿ, ಜೊತೆಗೆ ಇನ್ನೊಬ್ಬರಿರಲಿ. (ಅಪ್ಪಂದಿರೂ ಬರಬಹುದು, ಸಂತೆ ತಾಯಂದಿರ ಗುತ್ತಿಗೆಯೇನಲ್ಲ!) ಹೊರಡುವಾಗಲೇ ಹೇಳಿಬಿಡಿ: "ಮೊದಲು ಈರುಳ್ಳಿ, ಆಮೇಲೆ ಟೊಮೆಟೊ, ಆಮೇಲೆ ಮಂಡಕ್ಕಿ, ಆಮೇಲೆ ಮನೆ." ಮಂಡಕ್ಕಿ ಕೊಡಿಸ್ತೀನಿ ಅಂದ ಮೇಲೆ ಕೊಡಿಸಲೇಬೇಕು. ಮಗು ತಪ್ಪಿಸಿಕೊಂಡರೆ ಎಂದು ಫೋನ್ ನಂಬರ್ ಬರೆದ ಚೀಟಿ ಅದರ ಜೇಬಿನಲ್ಲಿರಲಿ.

"ಯಾಕವ್ವಾ ಇಂಥಾ ಹುಡುಗನ್ನ ಇಲ್ಲಿಗೆ ಕರ್ಕೊಂಡು ಬಂದೆ?" ಎನ್ನುವವರು ಸಿಕ್ಕೇ ಸಿಗುತ್ತಾರೆ. ಜಗಳ ಬೇಡ. "ಕಲೀತಿದಾನೆ ಅಣ್ಣಾ, ಸ್ವಲ್ಪ ತಡೀರಿ" ಎಂದರೆ ಸಾಕು. ಹುಚ್ಚ, ಪೆದ್ದ ಎಂದು ಬೇಕೆಂದೇ ಹೀಯಾಳಿಸುವವರ ವಿಷಯ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ನಾಲ್ಕು ಜನರೆದುರು ವಿಕಲಚೇತನರನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. ಈಗ 21, ಆಟಿಸಂ ಕೂಡ ಸೇರಿದೆ. ಮಗುವಿಗೆ ಯುಡಿಐಡಿ ಕಾರ್ಡು ಆಗಿರದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಅಂಗಡಿಯವರಲ್ಲೂ ನಮ್ಮದೊಂದು ವಿನಂತಿ. ಅಯ್ಯೋ ಪಾಪ ಎಂದು ಪುಕ್ಕಟೆ ಚಾಕೊಲೇಟು ಕೊಡಬೇಡಿ. ಮಗು ನಾಣ್ಯ ಎಣಿಸುವವರೆಗೆ ಕಾಯಿರಿ, ಚಿಲ್ಲರೆಯನ್ನು ಅದರ ಕೈಗೇ ಕೊಡಿ.