ಜಾರ್ಜನಿಗೊಂದು ಕಾಗದ

ಮಂಗಳೂರು

ಪ್ರೀತಿಯ ಜಾರ್ಜ್‌ಗೆ, ಪಕ್ಕದ ಮನೆಯ ಮಾಷ್ಟ್ರಜ್ಜನ ಆಶೀರ್ವಾದಗಳು.

ಹಾಸ್ಟೆಲಿನಲ್ಲಿ ಗೆಳೆಯರು ‘ಬ್ರಿಟಿಷರ ರಾಜ’ ಅಂತ ಛೇಡಿಸುತ್ತಾರಂತೆ, ನೀನು ಹೆಸರನ್ನೇ ಬದಲಿಸಿಕೊಳ್ಳಲು ಹೊರಟಿದ್ದೀಯಂತೆ. ನಿನ್ನ ಅಮ್ಮ ಹೇಳಿದಳು. ಅಫಿಡವಿಟ್ಟು ಮಾಡಿಸುವ ಮೊದಲು ಇದಿಷ್ಟು ಓದಿಬಿಡು.

ನಿನ್ನ ಹೆಸರು ಇಂಗ್ಲಿಷರದ್ದಲ್ಲ ಮಗಾ, ಗ್ರೀಕರದ್ದು. ‘ಗೇ’ ಅಂದರೆ ಭೂಮಿ, ‘ಎರ್ಗೋನ್’ ಅಂದರೆ ಕೆಲಸ. ಮಣ್ಣಿನಲ್ಲಿ ದುಡಿಯುವವನು ‘ಗೆಯೋರ್ಗೋಸ್’, ಅಂದರೆ ರೈತ. ಅದರಿಂದ ಹುಟ್ಟಿದ್ದು ಗೆಯೋರ್ಗಿಯೋಸ್ ಎಂಬ ಹೆಸರು. ಉಳುಮೆ, ದ್ರಾಕ್ಷಿತೋಟ, ದನಕರು, ಜೇನು ಸಾಕಣೆಯ ಬಗ್ಗೆ ರೋಮಿನ ವರ್ಜಿಲ್ ಬರೆದ ಕಾವ್ಯದ ಹೆಸರು ‘ಜಾರ್ಜಿಕ್ಸ್’. ಅದರ ಬೇರೂ ಇದೇ.

ಈ ರೈತನನ್ನು ಕುದುರೆ ಹತ್ತಿಸಿದ್ದು ಸಂತ ಜಾರ್ಜರ ಖ್ಯಾತಿ. ರೋಮನ್ ಸೈನಿಕರಾಗಿದ್ದು, ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ, 303ರಲ್ಲಿ, ಧರ್ಮ ಬಿಡಲೊಪ್ಪದೆ ಪ್ರಾಣ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಈಟಿಯಿಂದ ಡ್ರ್ಯಾಗನ್ ತಿವಿಯುವ ಕಥೆ ಅಂಟಿಕೊಂಡದ್ದು ಎಷ್ಟೋ ಶತಮಾನಗಳ ಮೇಲೆ. ಚಿತ್ರ ಬರೆಯುವವರಿಗೆ ಅದೇ ಇಷ್ಟವಾಯಿತು, ನೇಗಿಲು ಮೂಲೆ ಸೇರಿತು. ಸಿರಿಯಾಕ್ ಭಾಷೆಯ ದಾರಿ ಹಿಡಿದು ಕೇರಳಕ್ಕೆ ಬಂದಾಗ ಇದೇ ಹೆಸರು ಗೀವರ್ಗೀಸ್, ವರ್ಗೀಸ್ ಆಯಿತು. ನಿನ್ನ ಕ್ಲಾಸಿನಲ್ಲಿ ವರ್ಗೀಸ್ ಒಬ್ಬನಾದರೂ ಇದ್ದೇ ಇರುತ್ತಾನೆ, ಅವನೂ ನೀನೂ ಒಂದೇ ಹೆಸರಿನವರು.

ಇನ್ನು ಬ್ರಿಟಿಷ್ ರಾಜರ ಮಾತು. ಇಂಗ್ಲೆಂಡಿನಲ್ಲಿ ಈ ಹೆಸರು ಮನೆಮನೆಗೆ ಬಂದದ್ದು 1714ರಲ್ಲಿ ಜರ್ಮನಿಯ ಹ್ಯಾನೋವರಿನಿಂದ ಬಂದ ಒಂದನೇ ಜಾರ್ಜ್ ಪಟ್ಟವೇರಿದ ಮೇಲೆ. ಗ್ರೀಸಿನದು ಇನ್ನೂ ಸ್ವಾರಸ್ಯ. 1863ರಲ್ಲಿ ಅವರು ರಾಜನನ್ನು ಡೆನ್ಮಾರ್ಕಿನಿಂದ ಕರೆತಂದರು, ಹದಿನೇಳರ ಹುಡುಗ, ಹೆಸರು ವಿಲಿಯಂ. ಪಟ್ಟಕ್ಕೆ ಬಂದವನು ಆ ಹೆಸರು ಬಿಟ್ಟು ಗೆಯೋರ್ಗಿಯೋಸ್ ಆದ. ನೀನು ಬೇಡವೆನ್ನುವುದನ್ನು ಅವನು ಸಿಂಹಾಸನದ ಜೊತೆ ಕೇಳಿ ಪಡೆದ ನೋಡು!

ನಮ್ಮೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಹುಟ್ಟಿದ್ದು 1930ರ ಜೂನ್ 3ರಂದು. ಐದನೇ ಜಾರ್ಜ್ ದೊರೆಯ ಹುಟ್ಟುಹಬ್ಬವೂ ಅಂದೇ. ದೊರೆಯ ಮೇಲಿನ ಅಭಿಮಾನಕ್ಕೆ ತಾಯಿ ಮಗನಿಗೆ ಆ ಹೆಸರಿಟ್ಟರು. ಮಗ ಬೆಳೆದು ಬೊಂಬಾಯಿಯ ಬೀದಿಗಳಲ್ಲಿ ಕಾರ್ಮಿಕರನ್ನು ಕಟ್ಟಿದರು, 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸುವಂಥ ಮುಷ್ಕರಕ್ಕೆ ಮುಂದಾಳಾದರು. ಚಕ್ರವರ್ತಿಯಿಂದ ಬಂದ ಹೆಸರು ದುಡಿಯುವವರ ಪಾಲಿಗೇ ಹೋಯಿತು. ಇದನ್ನು ಹಾಸ್ಟೆಲಿನ ಹುಡುಗರಿಗೆ ಹೇಳು, ಬಾಯಿ ಮುಚ್ಚುತ್ತಾರೆ.

ಗ್ರೀಸಿನಲ್ಲಿ ಈಗಲೂ ಬೀದಿಗೆ ನಾಲ್ಕು ಜಾರ್ಜ್‌ಗಳು ಸಿಗುತ್ತಾರೆ. ಬಳಕೆಯ ಹೆಸರು ಯೋರ್ಗೋಸ್. ಎದುರಿಗೆ ಕರೆಯುವಾಗ ಕೊನೆಯ ‘ಸ್’ ಬಿದ್ದುಹೋಗಿ ‘ಯೋರ್ಗೋ!’ ಆಗುತ್ತದೆ, ಅವರದೂ ಒಂದು ಸಂಬೋಧನಾ ವಿಭಕ್ತಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದೂ ಅಲ್ಲಿನ ಪದ್ಧತಿ. ನಿನಗೂ ನಿನ್ನ ಅಜ್ಜನದೇ ತಾನೆ? ಶಾಲೆಯಲ್ಲಿ ನನ್ನ ಬೆಂಚಿನವನು, ಭಾರೀ ತುಂಟ.

ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬ ಅವರಿಗೆ ಜೋರು. ಜಾರ್ಜ್‌ಗಳದು ಏಪ್ರಿಲ್ 23. ಅದು ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಬಂದರೆ ಈಸ್ಟರ್ ಸೋಮವಾರಕ್ಕೆ ಮುಂದೂಡುತ್ತಾರೆ, ಉಪವಾಸದಲ್ಲಿ ಮಾಂಸವೂ ಇಲ್ಲ, ಹಬ್ಬದ ಗಮ್ಮತ್ತೂ ಇಲ್ಲವಲ್ಲ! ಅಂದು ಹೆಸರಿನವನೇ ಬಂದವರಿಗೆಲ್ಲ ಸಿಹಿ ಕೊಡಬೇಕು. ರಜೆಗೆ ಬಂದಾಗ ಬರಿಗೈಲಿ ನಮ್ಮ ಮನೆ ಮೆಟ್ಟಿಲು ಹತ್ತಬೇಡ. ನನಗೆ ಸಕ್ಕರೆ ಕಾಯಿಲೆ ಅಂತ ನಿನ್ನ ಅಜ್ಜಿ ಗೊಣಗಿದರೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ನಿನ್ನ ಮಾಷ್ಟ್ರಜ್ಜ