‘ಮಗು ನನ್ನದಲ್ಲ’ ಎಂದು ತಿಳಿದಾಗ: ಗಂಡನಿಗೆ ಕಾನೂನಿನಲ್ಲಿರುವ ದಾರಿಗಳು

ವರದಕ್ಷಿಣೆ, ಕುಡಿತ, ಹೊಡೆತ, ಜೀವನಾಂಶ – ಹೆಂಗಸರ ಈ ಕಷ್ಟಗಳ ಬಗ್ಗೆ ಸ್ವಸಹಾಯ ಸಂಘದ ಸಭೆಗಳಲ್ಲಿ ನಾವು ಬಹಳ ಮಾತಾಡಿದ್ದೇವೆ. ಆದರೆ ಗಂಡಸರು ಬಾಯಿಬಿಟ್ಟು ಹೇಳದ ನೋವೊಂದಿದೆ. ತಾನು ಎತ್ತಿ ಆಡಿಸಿದ, ತನ್ನ ಹೆಸರು ಕೊಟ್ಟ ಮಗು ತನ್ನದಲ್ಲ ಅಂತ ತಿಳಿದವನ ನೋವು ಅದು. ಊರವರು ನಗ್ತಾರೆ ಅನ್ನುವ ಹೆದರಿಕೆಯಿಂದ ಅವನು ಯಾರ ಹತ್ತಿರವೂ ಹೇಳುವುದಿಲ್ಲ. ಕೊನೆಗೆ ಕುಡಿತಕ್ಕೆ ಬೀಳ್ತಾನೆ, ಇಲ್ಲವೇ ಹೆಂಡತಿಯನ್ನು ಹೊಡೆದು ಹೊರಹಾಕ್ತಾನೆ. ಇವೆರಡೂ ದಾರಿಯಲ್ಲ. ಹಾಗಾದರೆ ಕಾನೂನಿನಲ್ಲಿ ಅವನಿಗೆ ಏನಿದೆ, ಏನಿಲ್ಲ? ಈ ಪಾಠದಲ್ಲಿ ನೋಡೋಣ.

ಕಾನೂನು ಎಲ್ಲಿಂದ ಹೊರಡುತ್ತದೆ?

1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಈ ವಿಷಯಕ್ಕೆ ಅಡಿಗಲ್ಲು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಅಲ್ಲಿ ಇದು 116ನೇ ಕಲಂ. ಮಾತು ಮಾತ್ರ ಅದೇ: ಮದುವೆ ಊರ್ಜಿತದಲ್ಲಿರುವಾಗ, ಅಥವಾ ಮದುವೆ ಮುರಿದ 280 ದಿನಗಳ ಒಳಗೆ ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನದೇ ಎಂಬುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯ. ಈ ಕಲಮಿನಲ್ಲಿ ತಪ್ಪಿಸಿಕೊಳ್ಳಲು ಬಾಗಿಲು ಒಂದೇ ಒಂದು. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಅಂತ ತೋರಿಸಬೇಕು. ‘ಸೇರಲಿಲ್ಲ’ ಅಂದರೆ ಸಾಲದು, ‘ಸೇರಲು ಅವಕಾಶವಿರಲಿಲ್ಲ’ ಎಂಬುದು ಸಾಬೀತಾಗಬೇಕು.

ಇಷ್ಟು ಬಿಗಿ ಯಾಕೆ? ಮಗುವಿನ ಮೇಲೆ ‘ಹಾದರಕ್ಕೆ ಹುಟ್ಟಿದ್ದು’ ಎಂಬ ಮಾತು ಸುಲಭವಾಗಿ ಬೀಳಬಾರದು, ಅದರ ಅನ್ನ, ಆಸ್ತಿ ಸುಮ್ಮನೆ ತಪ್ಪಬಾರದು ಅಂತ. 1872ರಲ್ಲಿ ಡಿ.ಎನ್.ಎ. ಪರೀಕ್ಷೆ ಇರಲಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಜೆಫ್ರಿಸ್ ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದದ್ದು 1984ರಲ್ಲಿ. ಹಳೆಯ ಕಾನೂನಿಗೂ ಹೊಸ ವಿಜ್ಞಾನಕ್ಕೂ ನಡುವಿನ ಎಳೆದಾಟ ಇವತ್ತಿಗೂ ನಡೆದಿದೆ.

ಸಂಶಯ ಬೇರೆ, ಸಾಕ್ಷ್ಯ ಬೇರೆ

ಮಗುವಿನ ಬಣ್ಣ, ಮೂಗು, ನೆರೆಯವರ ಪಿಸುಮಾತು – ಇವು ಯಾವುದೂ ಸಾಕ್ಷ್ಯವಲ್ಲ. ತಿಂಗಳ ಲೆಕ್ಕದಲ್ಲೂ ಎಚ್ಚರ ಬೇಕು. ಗಲ್ಫಿನಿಂದ ರಜೆಗೆ ಬಂದ ಗಂಡ, ‘ನಾನು ಬಂದು ಒಂಬತ್ತು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು’ ಅಂತ ಹೇಳಿದ ಅಂದುಕೊಳ್ಳೋಣ. ವೈದ್ಯರು ಹೇಳುವ 40 ವಾರ ಕೊನೆಯ ಮುಟ್ಟಿನಿಂದ ಎಣಿಸಿದ್ದು. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. 37 ವಾರ ತುಂಬಿದರೆ ದಿನ ತುಂಬಿದ ಹೆರಿಗೆಯೇ. ಅಂದರೆ ಗಂಡ ಬಂದು ಎಂಟು ತಿಂಗಳಿಗೇ ದಿನ ತುಂಬಿದ ಮಗು ಹುಟ್ಟಬಹುದು. ಅವಧಿಗೆ ಮುಂಚಿನ ಹೆರಿಗೆಯಾದರೆ ಇನ್ನೂ ಬೇಗ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ವರದಿ ಇದ್ದರೆ ಗರ್ಭದ ವಯಸ್ಸು ಚೆನ್ನಾಗಿ ತಿಳಿಯುತ್ತದೆ. ಎಷ್ಟೋ ಸಂಶಯ ಅಲ್ಲಿಗೇ ಮುಗಿಯಬಹುದು.

ಅದೇ ಗಂಡ ಇಡೀ ವರ್ಷ ಊರಿಗೇ ಬಂದಿರಲಿಲ್ಲ, ಹೆಂಡತಿಯೂ ಅಲ್ಲಿಗೆ ಹೋಗಿರಲಿಲ್ಲ ಅಂದರೆ ಮಾತು ಬೇರೆ. ಆಗ ಪಾಸ್‌ಪೋರ್ಟಿನ ಮುದ್ರೆ, ವಿಮಾನದ ಟಿಕೆಟು, ಕೆಲಸದ ಹಾಜರಿ ದಾಖಲೆ ಬಹಳ ಬೆಲೆಯುಳ್ಳವು. ಇವನ್ನು ಜೋಪಾನ ಮಾಡಬೇಕು.

ಡಿ.ಎನ್.ಎ. ಪರೀಕ್ಷೆ ಕೇಳಿದ ಕೂಡಲೇ ಸಿಗುತ್ತದೆಯೇ?

ಇಲ್ಲ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳನ್ನು ನೆನಪಿಟ್ಟುಕೊಳ್ಳೋಣ.

1993: ರಕ್ತ ಪರೀಕ್ಷೆಯನ್ನು ವಾಡಿಕೆಯಂತೆ ಆದೇಶಿಸಬಾರದು. ಗಂಡ ಮೊದಲು ಬಲವಾದ ಆಧಾರ ತೋರಿಸಬೇಕು. ರಕ್ತ ಕೊಡಲು ಯಾರನ್ನೂ ಬಲವಂತ ಮಾಡಲಾಗದು.

2014 ಜನವರಿ: ಜೀವನಾಂಶದ ಒಂದು ಪ್ರಕರಣದಲ್ಲಿ ಎರಡು ಸಲ ಪರೀಕ್ಷೆ ನಡೆದು, ಗಂಡ ತಂದೆಯಲ್ಲ ಅಂತ ಬಂದಿತ್ತು. ಅಲ್ಲಿ ಕೋರ್ಟು ವಿಜ್ಞಾನದ ಸತ್ಯವೇ ಮೇಲು ಎಂದಿತು. ಮಗುವಿನ ಜೀವನಾಂಶದಿಂದ ಅವನನ್ನು ಬಿಡಿಸಿತು. ಆದರೆ ಅದುವರೆಗೆ ಕೊಟ್ಟ ಹಣವನ್ನು ವಾಪಸು ವಸೂಲು ಮಾಡಬಾರದು ಎಂದೂ ಹೇಳಿತು.

2014 ಅಕ್ಟೋಬರ್: ವ್ಯಭಿಚಾರದ ಕಾರಣಕ್ಕೆ ವಿಚ್ಛೇದನ ಕೇಳಿದ ಪ್ರಕರಣದಲ್ಲಿ ಪರೀಕ್ಷೆಗೆ ಒಪ್ಪಿತು. ಹೆಂಡತಿ ನಿರಾಕರಿಸಿದರೆ ಅವಳಿಗೆ ವಿರುದ್ಧವಾಗಿ ತೀರ್ಮಾನಿಸಬಹುದು ಎಂದಿತು.

2023 ಫೆಬ್ರವರಿ: ಹೆಂಡತಿಯ ತಪ್ಪು ಸಾಬೀತು ಮಾಡಲು ಮಗುವನ್ನು ದಾಳವಾಗಿ ಬಳಸಬಾರದು. ಮಗುವಿಗೂ ಖಾಸಗಿತನದ ಹಕ್ಕಿದೆ. ಬೇರೆ ಸಾಕ್ಷ್ಯದಿಂದ ವ್ಯಭಿಚಾರ ತೋರಿಸಲು ಸಾಧ್ಯವಿದ್ದರೆ ಪರೀಕ್ಷೆ ಬೇಡ ಎಂದಿತು.

2025 ಜನವರಿ: ಹೆಂಡತಿಗೆ ಬೇರೆಯವನ ಸಂಬಂಧವಿತ್ತು ಎಂದಷ್ಟಕ್ಕೆ ಗಂಡನ ಪಿತೃತ್ವ ಕಳಚಿಹೋಗದು, ಅವಕಾಶವಿರಲಿಲ್ಲ ಎಂಬುದನ್ನೇ ತೋರಿಸಬೇಕು ಎಂದಿತು.

ಮಗುವಿನ ಕೂದಲನ್ನೋ ಉಗುರನ್ನೋ ಗುಟ್ಟಾಗಿ ಖಾಸಗಿ ಲ್ಯಾಬಿಗೆ ಕಳಿಸಿದರೆ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಮಾದರಿ ಯಾರದು, ಯಾರು ತೆಗೆದರು ಎಂಬುದಕ್ಕೆ ಖಾತ್ರಿಯಿಲ್ಲದ ಅಂಥ ವರದಿಯನ್ನು ನಂಬಿ ಕೋರ್ಟು ತೀರ್ಪು ಕೊಡುವುದು ಕಷ್ಟ. ಕೋರ್ಟು ಆದೇಶಿಸಿದರೆ ಮಾದರಿ ಕ್ರಮಬದ್ಧವಾಗಿ ತೆಗೆದು, ಮೊಹರು ಮಾಡಿ, ಬೆಂಗಳೂರು ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆಗೆ ಹೋಗುತ್ತದೆ.

ಇರುವ ದಾರಿಗಳು

1. ಮದುವೆಯನ್ನು ರದ್ದುಗೊಳಿಸುವುದು. ಮದುವೆಯ ದಿನವೇ ಹೆಂಡತಿ ಬೇರೆಯವನಿಂದ ಗರ್ಭಿಣಿಯಾಗಿದ್ದರೆ ಹಿಂದೂ ವಿವಾಹ ಅಧಿನಿಯಮದ (1955) 12ನೇ ಕಲಂ ಮತ್ತು ವಿಶೇಷ ವಿವಾಹ ಅಧಿನಿಯಮದ (1954) 25ನೇ ಕಲಂ ಪ್ರಕಾರ ಅರ್ಜಿ ಹಾಕಬಹುದು. ಷರತ್ತು ಮೂರು: ಮದುವೆಯಾಗುವಾಗ ಅವನಿಗೆ ಗೊತ್ತಿರಬಾರದು, ಮದುವೆಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಗೊತ್ತಾದ ಮೇಲೆ ತಾನಾಗಿ ಒಪ್ಪಿ ಸಂಸಾರ ಮಾಡಿರಬಾರದು. ಒಂದು ವರ್ಷ ಕಳೆದರೆ ಈ ಬಾಗಿಲು ಮುಚ್ಚಿತು. ಕ್ರೈಸ್ತರ ವಿಚ್ಛೇದನ ಅಧಿನಿಯಮದಲ್ಲಿ (1869) ಹೀಗೆ ಪ್ರತ್ಯೇಕ ಕಾರಣ ಬರೆದಿಲ್ಲ. ಆದರೆ ಒಪ್ಪಿಗೆಯನ್ನು ವಂಚನೆಯಿಂದ ಪಡೆದದ್ದಾದರೆ 19ನೇ ಕಲಂ ಪ್ರಕಾರ ಕೋರ್ಟಿಗೆ ಹೋಗಬಹುದು.

ಕಥೋಲಿಕರು ಇದರ ಜೊತೆಗೆ ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿಗೂ ಅರ್ಜಿ ಕೊಡಬಹುದು. ಧರ್ಮಸಭೆಯ ಕಾನೂನಿನ 1098ನೇ ವಿಧಿ ಮೋಸದಿಂದ ಪಡೆದ ಒಪ್ಪಿಗೆಯ ಬಗ್ಗೆ ಹೇಳುತ್ತದೆ. ಆದರೆ ಆ ತೀರ್ಪು ಸರಕಾರದ ಕಾನೂನಿನಲ್ಲಿ ಮದುವೆಯನ್ನು ಮುಗಿಸದು ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಎರಡೂ ಬೇಕು.

2. ವಿಚ್ಛೇದನ. ಮದುವೆಯ ನಂತರ ನಡೆದದ್ದಾದರೆ ವ್ಯಭಿಚಾರದ ಕಾರಣಕ್ಕೆ ವಿಚ್ಛೇದನ ಕೇಳಬಹುದು. ಕ್ರೈಸ್ತರು 10ನೇ ಕಲಂ, ಹಿಂದೂಗಳು 13ನೇ ಕಲಂ. ಕೆಸರು ಎರಚಾಟ ಬೇಡವೆಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಇದೆ: ಕ್ರೈಸ್ತರಿಗೆ 10ಎ, ಹಿಂದೂಗಳಿಗೆ 13ಬಿ.

3. ಪಿತೃತ್ವದ ಘೋಷಣೆ. ಮಗು ತನ್ನದಲ್ಲ ಎಂಬ ಘೋಷಣೆಯನ್ನು ಕುಟುಂಬ ನ್ಯಾಯಾಲಯದಲ್ಲಿ ಕೇಳಬಹುದು. ಅದು ಸಿಕ್ಕಿದರೆ, ಜನನ ಮರಣ ನೋಂದಣಿ ಅಧಿನಿಯಮದ (1969) 15ನೇ ಕಲಂ ಪ್ರಕಾರ ದಾಖಲೆ ತಿದ್ದಿಸಲು ಆಧಾರವಾಗುತ್ತದೆ. ಬರೀ ಅರ್ಜಿ ಬರೆದುಕೊಟ್ಟರೆ ತಂದೆಯ ಹೆಸರು ಅಳಿಸಿಹೋಗುವುದಿಲ್ಲ.

4. ಜೀವನಾಂಶಕ್ಕೆ ಆಕ್ಷೇಪ. ಹಿಂದಿನ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಅಲ್ಲಿ ಆಕ್ಷೇಪ ಹಾಕಬಹುದು. ಆದರೆ ಕೋರ್ಟು ಹೇಳುವ ತನಕ ತಾನಾಗಿ ಹಣ ನಿಲ್ಲಿಸಬಾರದು. ಬಾಕಿ ವಸೂಲಿಗೆ ವಾರಂಟ್ ಬರುತ್ತದೆ.

5. ಪರಿಹಾರ ಧನ. ಇಲ್ಲಿ ನಿರಾಸೆಯೇ ಹೆಚ್ಚು. ಹೆಂಡತಿಯೊಡನೆ ವ್ಯಭಿಚಾರ ಮಾಡಿದವನಿಂದ ಪರಿಹಾರ ಕೇಳುವ ಹಕ್ಕು ಕ್ರೈಸ್ತ ಗಂಡನಿಗೆ 34ನೇ ಕಲಮಿನಲ್ಲಿತ್ತು. 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ವ್ಯಭಿಚಾರ ಈಗ ಅಪರಾಧವೂ ಅಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು 497ನೇ ಕಲಂ ರದ್ದುಮಾಡಿತು. ‘ಅವನನ್ನು ಜೈಲಿಗೆ ಹಾಕಿಸ್ತೇನೆ’ ಎಂಬ ಮಾತಿಗೆ ಇವತ್ತು ಅರ್ಥವಿಲ್ಲ.

ಏನು ಮಾಡಬಾರದು?

ಹೊಡೆಯಬಾರದು. ಹೆಂಡತಿ ಮಕ್ಕಳನ್ನು ಮನೆಯಿಂದ ಹೊರಹಾಕಬಾರದು. ಕೌಟುಂಬಿಕ ಹಿಂಸಾಚಾರ ತಡೆ ಅಧಿನಿಯಮ, 2005 ಅವನ ಮೇಲೇ ತಿರುಗುತ್ತದೆ. ಮೋಸ ಹೋದವನೇ ಆರೋಪಿಯಾಗ್ತಾನೆ. ಶಾಲೆಯಲ್ಲಿ, ಬೀದಿಯಲ್ಲಿ, ಮೊಬೈಲಿನಲ್ಲಿ ಮಗುವಿನ ಹೆಸರೆತ್ತಿ ಮಾತಾಡಬಾರದು. ಕಾಗದಪತ್ರ ಹರಿಯಬಾರದು. ಯಾರೋ ಒಡ್ಡಿದ ಬಾಂಡ್ ಪೇಪರಿಗೆ ಸಿಟ್ಟಿನಲ್ಲಿ ಸಹಿ ಹಾಕಬಾರದು.

ಮೊದಲು ಒಬ್ಬ ನಂಬಿಕಸ್ಥ ಆಪ್ತಸಮಾಲೋಚಕರ ಹತ್ತಿರ, ಆಮೇಲೆ ವಕೀಲರ ಹತ್ತಿರ ಹೋಗಬೇಕು. ಆದಾಯ ಕಡಿಮೆಯಿದ್ದರೆ ಗಂಡಸರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮಗುವಿನ ಪಾಲು

ಗಂಡನಿಗೆ ಮೋಸವಾಗಿದೆ, ನಿಜ. ‘ಹೋಗಲಿ ಬಿಡು, ಸಹಿಸಿಕೋ’ ಅಂತ ಸುಲಭದಲ್ಲಿ ಹೇಳುವುದು ಅನ್ಯಾಯ. ಆದರೆ ಮಗು ಮೋಸ ಮಾಡಲಿಲ್ಲ. ಐದಾರು ವರ್ಷ ‘ಪಪ್ಪಾ’ ಅಂತ ಕರೆದ ಮಗುವಿಗೆ ಡಿ.ಎನ್.ಎ. ವರದಿ ಅರ್ಥವಾಗುವುದಿಲ್ಲ. ಪಪ್ಪಾ ಯಾಕೆ ಮಾತಾಡ್ತಾ ಇಲ್ಲ ಎಂಬುದಷ್ಟೇ ಅರ್ಥವಾಗುತ್ತದೆ. ಹೆಂಡತಿಯೊಡನೆ ಸಂಬಂಧ ಮುರಿದರೂ ಮಗುವಿನ ತಂದೆಯಾಗಿ ಮುಂದುವರಿಯುವ ಆಯ್ಕೆಯೂ ಅವನಿಗಿದೆ. ಪಿತೃತ್ವ ಪ್ರಶ್ನಿಸದಿದ್ದರೆ ಕಾನೂನು ಅವನನ್ನೇ ತಂದೆ ಎನ್ನುತ್ತದೆ. ಯಾವುದನ್ನು ಆರಿಸುವುದು ಎಂಬುದು ಅವನದೇ ನಿರ್ಧಾರ. ಆದರೆ ಅದನ್ನು ಸಿಟ್ಟು ಇಳಿದ ಮೇಲೆ, ಎಲ್ಲ ತಿಳಿದುಕೊಂಡು ಮಾಡಲಿ. ಜೊತೆಗೆ, ಮದುವೆ ರದ್ದತಿಗಿರುವ ಒಂದು ವರ್ಷದ ಗಡುವು ದಾಟದಂತೆ ನೋಡಿಕೊಳ್ಳಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಗಂಡಸರು ಇಂಥ ನೋವನ್ನು ಯಾರ ಹತ್ತಿರ ಹೇಳಿಕೊಳ್ಳಬಹುದು?
2. ಒಂದು ಮನೆಯ ಗುಟ್ಟು ನಮ್ಮ ಕಿವಿಗೆ ಬಿದ್ದರೆ, ಮಗುವಿನ ಹಿತಕ್ಕಾಗಿ ನಾವು ಹೇಗೆ ನಡೆಯಬೇಕು?
3. ಮದುವೆಗೆ ಮುಂಚೆ ಹುಡುಗ ಹುಡುಗಿ ಮುಚ್ಚುಮರೆಯಿಲ್ಲದೆ ಮಾತಾಡಲು ಹಿರಿಯರು ಅವಕಾಶ ಕೊಡ್ತಾರೆಯೇ?