ಗಿಡಮರಗಳ ಹೆಸರುಗಳಲ್ಲಿ ಅಡಗಿರುವ ಅರಿವು

ಶಿರಸಿ ತಾಲ್ಲೂಕಿನಲ್ಲಿ ಮತ್ತಿಘಟ್ಟವೆಂಬ ಊರಿದೆ. ಈ ಹೆಸರನ್ನು ಬಿಡಿಸಿದರೆ ‘ಮತ್ತಿ’, ‘ಘಟ್ಟ’ ಎಂಬ ಎರಡು ಪದಗಳು ದೊರೆಯುತ್ತವೆ. ಘಟ್ಟವೆಂದರೇನೆಂಬುದು ಎಲ್ಲರಿಗೂ ತಿಳಿದದ್ದೇ. ಮತ್ತಿಯು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡುಗಳಲ್ಲಿ ಬೆಳೆಯುವ ಒಂದು ಹೆಮ್ಮರ. ಅದರ ತೊಗಟೆಯು ಮೊಸಳೆಯ ಚರ್ಮದಂತೆ ಆಳವಾಗಿ ಬಿರಿದಿರುವುದರಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಅಡಿಕೆಯ ತೋಟಗಳಿಗೆ ಸೊಪ್ಪನ್ನು ಒದಗಿಸುವ ಈ ಭಾಗದ ಸೊಪ್ಪಿನಬೆಟ್ಟಗಳಲ್ಲಿ ಅದೂ ಒಂದು ಮುಖ್ಯವಾದ ಮರ. ಜನರ ಬಾಳಿಗೆ ಅಷ್ಟು ಹತ್ತಿರವಾದ ಮರವು ಊರಿನ ಹೆಸರಿನಲ್ಲಿಯೂ ನೆಲೆಸಿದುದು ಸಹಜವೇ ಸರಿ.

ಇಂತಹ ಹೆಸರುಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ಅವು ಹೇಗೆ ರಚಿತವಾಗಿವೆ, ಏನನ್ನು ತಿಳಿಸುತ್ತವೆ, ಅವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ಅಪರೂಪ. ಕೊನೆಯ ಪ್ರಶ್ನೆಯಂತೂ ಬರಿಯ ಕುತೂಹಲದ್ದಲ್ಲ. ಹೆಸರನ್ನು ತಪ್ಪಾಗಿ ತಿಳಿದವನು ಮದ್ದೆಂದು ಬೇರೊಂದು ಮರದ ತೊಗಟೆಯನ್ನು ಕುಡಿದಾನು, ತಿನ್ನುವ ಬೀಜವೆಂದು ವಿಷವನ್ನು ತಿಂದಾನು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೂಲನಾಮಗಳು ಮತ್ತು ಸಮಾಸನಾಮಗಳು

ಕನ್ನಡದ ಸಸ್ಯನಾಮಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮತ್ತಿ, ನಂದಿ, ಹೊನ್ನೆ, ಮಾವು, ಹಲಸು, ನೆಲ್ಲಿ, ಬೇವು ಮೊದಲಾದುವು ಒಂದು ಬಗೆ. ಇವನ್ನು ನಾವು ಇನ್ನೂ ಚಿಕ್ಕ ಪದಗಳಾಗಿ ಒಡೆಯಲಾರೆವು, ಇವು ಮೂಲನಾಮಗಳು. ಇಂತಹ ಒಂದು ಮೂಲನಾಮಕ್ಕೆ ವಿಶೇಷಣವನ್ನು ಸೇರಿಸಿದಾಗ ಎರಡನೆಯ ಬಗೆ ಹುಟ್ಟುತ್ತದೆ. ಕಾಡಿನ ಮತ್ತಿಯು ಕರಿಮತ್ತಿ. ಹೊಳೆಯ ದಂಡೆಯಲ್ಲಿ ಬೆಳೆಯುವ, ನಯವಾದ ಬಿಳಿಯ ತೊಗಟೆಯುಳ್ಳ ಇನ್ನೊಂದು ಮರವು ಹೊಳೆಮತ್ತಿ ಅಥವಾ ಬಿಳಿಮತ್ತಿ. ಮೊದಲನೆಯ ಪದವು ನೆಲೆಯನ್ನೋ ಬಣ್ಣವನ್ನೋ ಹೇಳಿದರೆ, ಎರಡನೆಯದು ಗುಂಪನ್ನು ಹೇಳುತ್ತದೆ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಸಸ್ಯಶಾಸ್ತ್ರದಲ್ಲಿ ಎರಡು ಪದಗಳ ಹೆಸರುಗಳು ನೆಲೆಗೊಂಡುವು. ಅಲ್ಲಿಯೂ ಒಂದು ಪದವು ಕುಲವನ್ನು, ಇನ್ನೊಂದು ಅದರೊಳಗಿನ ಪ್ರಭೇದವನ್ನು ಸೂಚಿಸುತ್ತದೆ. ಲ್ಯಾಟಿನ್ನಿನಲ್ಲಿ ಕುಲನಾಮವು ಮೊದಲು ಬರುತ್ತದೆ, ಕನ್ನಡದಲ್ಲಿ ಕೊನೆಗೆ ಬರುತ್ತದೆ ಎಂಬುದಷ್ಟೇ ಮೇಲುನೋಟದ ವ್ಯತ್ಯಾಸ. ಹೊಳೆಮತ್ತಿಯ ಶಾಸ್ತ್ರೀಯ ಹೆಸರು ಟರ್ಮಿನೇಲಿಯ ಅರ್ಜುನ. ಎಲೆಗಳು ರೆಂಬೆಯ ತುದಿಯಲ್ಲಿ ಒತ್ತಾಗಿರುವುದರಿಂದ, ‘ತುದಿ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಕುಲನಾಮವನ್ನು ಮಾಡಿದರು. ‘ಅರ್ಜುನ’ವು ಸಂಸ್ಕೃತದಿಂದ ಹೋದುದು, ಅದರ ಅರ್ಥ ಬಿಳಿದು ಎಂದು. ಹಾಗಾದರೆ ಸಂಸ್ಕೃತವು ಹೇಳಿದುದೂ ಹಳ್ಳಿಯವರು ‘ಬಿಳಿಮತ್ತಿ’ ಎಂದುದೂ ಒಂದೇ ಲಕ್ಷಣವನ್ನು ಕಂಡು ಹೇಳಿದ ಮಾತುಗಳು.

ಹೋಲಿಕೆ ಯಾವುದರಲ್ಲಿ?

ಆದರೆ ಈ ಸಾದೃಶ್ಯವನ್ನು ಬಹಳ ದೂರ ಎಳೆಯಲಾಗದು. ಸಸ್ಯಶಾಸ್ತ್ರಜ್ಞನು ಹೂವು, ಕಾಯಿ ಮೊದಲಾದ ಭಾಗಗಳ ರಚನೆಯನ್ನೂ, ಈಗ ಜೀವಕೋಶದೊಳಗಿನ ಆನುವಂಶಿಕ ವಸ್ತುವನ್ನೂ ನೋಡಿ ನೆಂಟಸ್ತಿಕೆಯನ್ನು ನಿರ್ಣಯಿಸುತ್ತಾನೆ. ಜನಸಾಮಾನ್ಯರು ಕಣ್ಣಿಗೆ, ನಾಲಿಗೆಗೆ, ಕೈಗೆ ಎಟುಕಿದ ಯಾವುದಾದರೊಂದು ಗುಣವನ್ನು ಹಿಡಿದು ಹೆಸರಿಡುತ್ತಾರೆ.

ನೆಲನೆಲ್ಲಿ, ನೆಲಬೇವುಗಳನ್ನು ಹೋಲಿಸಿ ನೋಡಿ. ಎರಡೂ ಚಿಕ್ಕ ಗಿಡಗಳು. ಆದ್ದರಿಂದ ಎರಡಕ್ಕೂ ‘ನೆಲ’ವೆಂಬ ವಿಶೇಷಣ. ನೆಲನೆಲ್ಲಿಯ ಎಲೆಗಳ ಸಾಲಿನ ಕೆಳಗೆ ಪುಟ್ಟ ನೆಲ್ಲಿಕಾಯಿಯಂತಹ ಕಾಯಿಗಳು ತೂಗುತ್ತವೆ. ನೆಲ್ಲಿಯ ಮರವೂ ಈ ಗಿಡವೂ ಫಿಲಾಂತಸ್ ಎಂಬ ಒಂದೇ ಕುಲಕ್ಕೆ ಸೇರಿದುವೆಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಅಂಗೈಯಗಲದ ಗಿಡದಲ್ಲಿ ಮರದ ಬಂಧುವನ್ನು ಕಂಡ ಹಳ್ಳಿಗರ ದೃಷ್ಟಿಯನ್ನು ಮೆಚ್ಚಬೇಕು. ನೆಲಬೇವಾದರೋ ಬೇವಿನ ಬಂಧುವಲ್ಲ; ಅದರ ಕಹಿಯೊಂದೇ ಬೇವನ್ನು ನೆನಪಿಗೆ ತರುವುದು. ಇನ್ನು ಕರಿಬೇವಿಗೆ ಆ ಹೆಸರು ಬಂದಿರುವುದು ಎಲೆಗಳ ಹೋಲಿಕೆಯಿಂದ. ಅದರ ನಿಜವಾದ ಬಂಧುಗಳು ನಿಂಬೆ, ಕಿತ್ತಳೆಗಳು. ಹೀಗೆ ಮೂರು ‘ಬೇವು’ಗಳು ಮೂರು ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ತಾರೆ, ಅಳಲೆಗಳು ಮತ್ತಿಯ ಕುಲಕ್ಕೇ ಸೇರಿದ ಮರಗಳು. ಆದರೂ ಅವುಗಳ ಹೆಸರಿನಲ್ಲಿ ಮತ್ತಿಯ ಸುಳಿವಿಲ್ಲ. ಮತ್ತಿಯ ಕಾಯಿಗೆ ಐದು ರೆಕ್ಕೆಗಳಿವೆ. ತಾರೆ, ಅಳಲೆಗಳ ಕಾಯಿಗಳಿಗೆ ರೆಕ್ಕೆಗಳಿಲ್ಲ. ಔಷಧಕ್ಕಾಗಿ ಆ ಕಾಯಿಗಳನ್ನು ಆಯ್ದ ಜನರಿಗೆ ಅವು ಬೇರೆಯಾಗಿಯೇ ತೋರಿದುವು. ಆದ್ದರಿಂದ ಒಂದು ಹೆಸರನ್ನು ಕೇಳಿದೊಡನೆ ನಾವು ಕೇಳಬೇಕಾದ ಪ್ರಶ್ನೆಯು ಇದು: ಇಲ್ಲಿ ಹೋಲಿಕೆಯನ್ನು ಕಂಡಿರುವುದು ಯಾವ ಗುಣದಲ್ಲಿ?

ಹೆಸರುಗಳಲ್ಲಿ ಭಾಷೆಯ ಇತಿಹಾಸ

ಸಸ್ಯನಾಮಗಳು ಭಾಷೆಯ ಹಳೆಯ ರೂಪಗಳನ್ನೂ ಕಾಪಾಡುತ್ತವೆ. ಹಳಗನ್ನಡದ ಅನೇಕ ಪದಗಳ ಮೊದಲಿನ ‘ಪ’ಕಾರವು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕ್ರಮವಾಗಿ ‘ಹ’ಕಾರವಾಯಿತು. ಪಲಸು ಹಲಸಾಯಿತು, ಪುಣಿಸೆ ಹುಣಿಸೆಯಾಯಿತು. ನೆರೆಯ ಭಾಷೆಗಳಲ್ಲಿ ಈ ಮಾರ್ಪಾಡು ಆಗಲಿಲ್ಲ. ಶಿರಸಿಯ ಕಡೆಯವರು ಮುರುಗಲು ಎನ್ನುವ ಹುಳಿಹಣ್ಣನ್ನು ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ; ಅದರ ‘ಪುಳಿ’ಯು ನಮ್ಮ ‘ಹುಳಿ’ಯೇ. ನಮ್ಮ ಹೊಂಗೆಗೆ ತಮಿಳರು ಪುಂಗು ಎನ್ನುತ್ತಾರೆ, ಮಲಯಾಳದ ಹಳೆಯ ಹೆಸರು ಪೊಂಗಂ. ಅದರಿಂದಲೇ ಪೊಂಗಾಮಿಯ ಎಂಬ ಲ್ಯಾಟಿನ್ ಕುಲನಾಮವು ಹುಟ್ಟಿತು.

ಹೆಬ್ಬಲಸು ಎಂಬ ಹೆಸರು ಇನ್ನೂ ಸ್ವಾರಸ್ಯವಾದುದು. ಹಿರಿದು ಎಂಬರ್ಥದ ‘ಪೆರ್’ ಮತ್ತು ‘ಪಲಸು’ ಸೇರಿದಾಗ ಎರಡನೆಯ ಪದದ ಪಕಾರವು ಬಕಾರವಾಗುತ್ತದೆ. ಹೆಬ್ಬುಲಿ, ಹೆಬ್ಬಾವುಗಳಲ್ಲಿಯೂ ಇದೇ ಸಂಧಿ. ಬಿಡಿಪದವು ‘ಹಲಸು’ ಎಂದು ಬದಲಾದರೂ ಸಮಾಸದೊಳಗೆ ಹಳೆಯ ಪಕಾರದ ಗುರುತು ಬಕಾರವಾಗಿ ಉಳಿದುಕೊಂಡಿತು. ಇಲ್ಲಿ ಇನ್ನೊಂದು ಸಂದೇಹ ಏಳಬಹುದು: ಹೆಬ್ಬಲಸಿನ ಹಣ್ಣು ಹಲಸಿನ ಹಣ್ಣಿಗಿಂತ ಬಹಳ ಚಿಕ್ಕದು, ‘ಹಿರಿದು’ ಎಂಬುದು ಹೇಗೆ ಸರಿ? ಹಿರಿದಾದುದು ಹಣ್ಣಲ್ಲ, ಮರ. ಅದರ ನೇರವಾದ ಎತ್ತರದ ಕಾಂಡವನ್ನು ನೋಡಿದವರು ಇಟ್ಟ ಹೆಸರದು.

ಹೊಸದಾಗಿ ಬಂದ ಸಸ್ಯಗಳು

ಹೊರನಾಡುಗಳಿಂದ ಬಂದ ಸಸ್ಯಗಳಿಗೆ ಕನ್ನಡವು ಹಲವು ರೀತಿಯಲ್ಲಿ ಹೆಸರಿಟ್ಟಿದೆ. ‘ಸೀಮೆ’ ಎಂಬ ವಿಶೇಷಣವನ್ನು ಸೇರಿಸುವುದು ಒಂದು ರೀತಿ: ಸೀಮೆಬದನೆ, ಸೀಮೆಹುಣಿಸೆ. ದ್ವೀಪಗಳಿಂದ ಬಂದ ಹಲಸಿನಂತಹ ಮರವು ದೀವಿಹಲಸಾಯಿತು. ‘ದೀವಿ’ ಎಂದರೆ ದ್ವೀಪ. ಅಮೆರಿಕದಿಂದ ಬಂದ ಒಂದು ಮುಳ್ಳುಗಿಡಕ್ಕಂತೂ ಒಂದು ಇಡೀ ವಾಕ್ಯವೇ ಹೆಸರಾಗಿದೆ: ಮುಟ್ಟಿದರೆ ಮುನಿ.

ಎಲ್ಲಕ್ಕಿಂತ ಕುತೂಹಲಕರವಾದುದು ಮೆಣಸಿನ ಕತೆ. ಮೆಣಸು ನಮ್ಮ ಘಟ್ಟಗಳದೇ ಬಳ್ಳಿ. ಅದರ ವ್ಯಾಪಾರದಿಂದಲೇ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಹದಿನಾರನೆಯ ಶತಮಾನದಲ್ಲಿ ಅದೇ ಪೋರ್ಚುಗೀಸರ ಮೂಲಕ ಅಮೆರಿಕದ ಖಾರದ ಕಾಯಿಯು ಬಂದಿತು. ಖಾರದ ಸಾಮ್ಯದಿಂದ ಅದು ‘ಮೆಣಸಿನಕಾಯಿ’ ಎನಿಸಿಕೊಂಡಿತು. ಬರಬರುತ್ತ ಹೊಸದೇ ಹೆಚ್ಚು ಬಳಕೆಗೆ ಬಂದು, ಹಳೆಯದನ್ನು ಬೇರೆಯಾಗಿ ತಿಳಿಸಲು ‘ಕಾಳುಮೆಣಸು’ ಎಂದು ವಿಶೇಷಣವನ್ನು ಸೇರಿಸಬೇಕಾಯಿತು. ಬಂದ ನೆಂಟನಿಂದಾಗಿ ಮನೆಯವನೇ ತನ್ನ ಹೆಸರನ್ನು ಬದಲಿಸಿಕೊಂಡಂತಾಯಿತು.

ಹೆಸರು ತಪ್ಪುದಾರಿ ಹಿಡಿಸಿದಾಗ

ಒಂದೇ ಹೆಸರು ಎರಡು ಸಸ್ಯಗಳಿಗೆ ಇರುವಲ್ಲಿ ಎಚ್ಚರವು ಬೇಕು. ಗೊಂಚಲಾಗಿ ಕಿತ್ತಳೆಗೆಂಪು ಹೂಗಳನ್ನು ಬಿಡುವ ಅಶೋಕವು ಪಶ್ಚಿಮಘಟ್ಟಗಳ ಮರ. ಅದರ ತೊಗಟೆಯನ್ನು ಸ್ತ್ರೀಯರ ವ್ಯಾಧಿಗಳಿಗೆ ಔಷಧವಾಗಿ ಬಳಸುತ್ತಾರೆ. ರಸ್ತೆಯ ಬದಿಯಲ್ಲಿ, ಕಚೇರಿಗಳ ಅಂಗಳದಲ್ಲಿ ಕಂಬದಂತೆ ನಿಲ್ಲುವ ಹಸುರು ಹೂವಿನ ಮರವನ್ನೂ ‘ಅಶೋಕ’ವೆಂದೇ ಕರೆಯುತ್ತಾರೆ, ಅದು ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕವು ಕಾಡಿನಲ್ಲಿ ವಿರಳವಾಗುತ್ತಿರುವಾಗ ಈ ಎರಡನೆಯದರ ತೊಗಟೆಯು ಅದರ ಹೆಸರಿನಲ್ಲಿ ಮಾರಾಟವಾಗುವುದುಂಟು.

‘ಕಾಡು’ ಎಂಬ ವಿಶೇಷಣವೂ ಮೋಸಗೊಳಿಸಬಲ್ಲದು. ಕಾಡುಹರಳು ಕಾಡಿನಲ್ಲಿ ತಾನಾಗಿ ಹುಟ್ಟಿದುದಲ್ಲ. ಅಮೆರಿಕದಿಂದ ಬಂದು ಬೇಲಿಗೆ ನೆಡುವ ಗಿಡವಾಯಿತು. ಇಲ್ಲಿ ‘ಕಾಡು’ ಎಂದರೆ ‘ಮನೆಯ ಬಳಕೆಗೆ ಬಾರದ್ದು’ ಎಂದರ್ಥ. ಅದರ ಬೀಜದ ರುಚಿಗೆ ಮರುಳಾಗಿ ತಿಂದ ಮಕ್ಕಳು ವಾಂತಿಭೇದಿಗಳಿಂದ ನರಳಿದ ಸಂಗತಿಗಳು ಅನೇಕ. ಹಾಗೆಯೇ ‘ಗೇರು’ ಎಂಬುದು ಗೋಡಂಬಿಗೂ ಹೆಸರು, ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿಗೂ ಹೆಸರು. ಕರಿಗೇರಿನ ರಸವು ಸೋಕಿದರೆ ಚರ್ಮವು ಬೊಬ್ಬೆಯೇಳುವುದು. ಅದರ ಕುಲನಾಮ ಸೆಮೆಕಾರ್ಪಸ್. ಗ್ರೀಕಿನಲ್ಲಿ ‘ಗುರುತಿನ ಕಾಯಿ’ ಎಂದರ್ಥ.

ಇದೇ ಕುಲದ ಒಂದು ಹೊಸ ಪ್ರಭೇದವನ್ನು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗುಕಾಡಿನಲ್ಲಿ ಕಂಡು, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಬಿಸಿಲು ನೆಲಕ್ಕಿಳಿಯದ ದಟ್ಟಕಾಡನ್ನು ಬಣ್ಣಿಸುವ ಎರಡು ಕನ್ನಡ ಪದಗಳು ಹೀಗೆ ಜಗತ್ತಿನ ಸಸ್ಯಶಾಸ್ತ್ರದೊಳಗೆ ಸೇರಿದುವು.

ಅಂಗಗಳ ಹೆಸರುಗಳು

ಪಠ್ಯಪುಸ್ತಕಗಳಲ್ಲಿ ಸಸ್ಯದ ಅಂಗಗಳಿಗೆ ಹೆಚ್ಚಾಗಿ ಸಂಸ್ಕೃತ ಪದಗಳನ್ನು ಕಾಣುತ್ತೇವೆ. ಆದರೆ ತೋಟದ ಭಾಷೆಯೂ ಈ ವಿಷಯದಲ್ಲಿ ಬಡತನದ್ದಲ್ಲ. ಅಡಿಕೆಮರದ ಗರಿಯು ಸೋಗೆ, ಕಾಂಡವನ್ನು ಅಪ್ಪಿಕೊಂಡಿರುವ ಅದರ ಬುಡವು ಹಾಳೆ, ಹೂಗೊಂಚಲು ಸಿಂಗಾರ, ಕಾಯಿಗಳ ಗೊಂಚಲು ಕೊನೆ. ಮಿಡಿ, ಕಾಯಿ, ಹಣ್ಣು ಎಂದು ಫಲದ ಮೂರು ಅವಸ್ಥೆಗಳನ್ನು ನಾವು ಒಂದೊಂದು ಪದದಿಂದಲೇ ಹೇಳುತ್ತೇವೆ. ಹಾಳೆಯನ್ನು ಬಲ್ಲ ವಿದ್ಯಾರ್ಥಿಗೆ ಎಲೆಯ ಬುಡವು ಕೋಶವಾಗಿ ಕಾಂಡವನ್ನು ಸುತ್ತುವ ಬಗೆಯನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದೇನು?

ಲ್ಯಾಟಿನ್ ಹೆಸರು ದೇಶದೇಶಗಳ ವಿದ್ವಾಂಸರಿಗೆ ಸಮಾನವಾದುದು. ಆದರೆ ಅದೂ ಬದಲಾಗದೆ ಉಳಿಯುವುದಿಲ್ಲ; ನಮ್ಮ ಕರಿಮತ್ತಿಗೇ ಟರ್ಮಿನೇಲಿಯ ಟೊಮೆಂಟೋಸ, ಅಲಾಟ, ಕ್ರೆನುಲೇಟ, ಎಲಿಪ್ಟಿಕ ಎಂದು ಹಲವು ಹೆಸರುಗಳು ಬಳಕೆಯಾಗಿವೆ. ನಾಡಿನ ಹೆಸರು ಸಸ್ಯದ ನೆಲೆ, ಗುಣ, ಉಪಯೋಗಗಳನ್ನು ತಿಳಿಸುತ್ತದೆ. ಆದರೆ ಊರಿಂದ ಊರಿಗೆ ಬೇರೆಯಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡೂ ನಮಗೆ ಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿ ಅನೇಕ ಕನ್ನಡ ಸಸ್ಯನಾಮಗಳ ಜೊತೆಗೆ ಲ್ಯಾಟಿನ್ ಹೆಸರುಗಳೂ ಇರುವುದು ಈ ಕಾರಣದಿಂದಲೇ ಇಂದಿಗೂ ಉಪಯುಕ್ತವಾಗಿದೆ.

ನಿಘಂಟುಗಳಿಗೆ ಸೇರದ ಹೆಸರುಗಳು ಹಿರಿಯರ ಬಾಯಲ್ಲಿ ಮಾತ್ರ ಇವೆ. ಅವರೊಡನೆ ಅವೂ ಹೋಗುತ್ತವೆ. ರಜೆಯಲ್ಲಿ ನಿಮ್ಮ ಊರಿನ ಇಪ್ಪತ್ತು ಸಸ್ಯಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದರ ಹೂವುಳ್ಳ ಒಂದು ಚಿಕ್ಕ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ. ಹೆಸರನ್ನು ಕೇಳಿದಂತೆಯೇ ಬರೆದುಕೊಂಡು, ಹೇಳಿದವರ ಮನೆಮಾತು, ಊರು, ತಾರೀಖು, ಸಸ್ಯದ ಉಪಯೋಗ ಇವನ್ನೂ ಗುರುತುಮಾಡಿ. ಆ ಹೆಸರು ಏಕೆ ಬಂದಿತೆಂದು ಅವರನ್ನೇ ಕೇಳಿ. ಬಳಿಕ ನಿಮ್ಮ ಅಧ್ಯಾಪಕರ ನೆರವಿನಿಂದ ಶಾಸ್ತ್ರೀಯ ಹೆಸರನ್ನು ಅದರ ಪಕ್ಕದಲ್ಲಿ ಬರೆಯಿರಿ. ಒಣಗಿದ ರೆಂಬೆಯೂ ಹೆಸರೂ ಜೊತೆಯಾಗಿದ್ದರೆ, ಮುಂದೆ ಯಾರಾದರೂ ‘ಅಶೋಕ’ವೆಂದಾಗ ಅದು ಯಾವ ಅಶೋಕವೆಂದು ಸಂದೇಹಕ್ಕೆಡೆಯಿಲ್ಲದಂತೆ ಹೇಳಬಹುದು.